ವಿಷಯ: ತೊಲೆಗಳ ಬಗ್ಗೆ

ಫಾದರ್ ಸಾಲ್ವದೋರರಿಗೆ ಎರಡೂ ಕಣ್ಣಿಗೆ ಪೊರೆ.
ಒಂದನ್ನು ತೆಗೆಸಿದ್ದಾರೆ, ಇನ್ನೊಂದಕ್ಕೆ ಸಕ್ಕರೆ ಇಳಿಯಬೇಕಂತೆ.
ಅದಕ್ಕೇ ಮಂಗಳವಾರ, ಶುಕ್ರವಾರ, ಮೂರು ಗಂಟೆಗೆ
ಶಿವಮೊಗ್ಗದ ಇಗರ್ಜಿಯ ಹಿಂದಿನ ಕೋಣೆಗೆ ಹೋಗುತ್ತೇನೆ,
ನನಗೆ ಬಾರದ ಭಾಷೆಯನ್ನು
ಒಂದೊಂದೇ ಅಕ್ಷರವಾಗಿ ಕೂಗಿ ಹೇಳಲು.

ಎಂ, ಐ, ಟಿ, ಟಿ, ಇ ಅಂದರೆ
ಅವರು ಕಣ್ಣು ಮುಚ್ಚಿ 'ಕಳಿಸು' ಅನ್ನುತ್ತಾರೆ.

ಮೂವತ್ತೊಂದು ವರ್ಷ ನಾಟಾ ಡಿಪೋದಲ್ಲಿ
ದಿಮ್ಮಿಯ ತಲೆಗೆ ಸುತ್ತಿಗೆ ಮುದ್ರೆ ಹೊಡೆಸಿ
ಉದ್ದ, ಸುತ್ತಳತೆ ಬರೆದ ಕೈ ಇದು.
ಅರ್ಥ ತಿಳಿಯದೆ ಓದುವುದು ನನಗೆ ಹೊಸತಲ್ಲ.

ಎದುರಿಗಿರುವುದು ಫೋಟೊಸ್ಟಾಟು. ಮೂಲ ಎಲ್ಲೋ ಚಳಿಯ ಊರಿನಲ್ಲಿ,
ಒಂದೇ ಒಂದು ಪ್ರತಿ.
ಸಾವಿರದಿನ್ನೂರು ವರ್ಷದ ಹಿಂದೆ ಪೋಪರು
ಒಬ್ಬರಾದ ಮೇಲೊಬ್ಬರು
ಬೆಟ್ಟದಾಚೆಯ ದೊರೆಗಳಿಗೆ ಬರೆದ ಓಲೆಗಳು.
ಜೊಂಡಿನ ಹಾಳೆ ಪುಡಿಯಾಗುತ್ತಿದೆಯೆಂದು
ದೊರೆಯೇ ತೊಗಲಿನ ಮೇಲೆ ನಕಲು ಮಾಡಿಸಿದನಂತೆ.
"ಒರಲೆಗಿಂತ ಮೊದಲು ಎದ್ದ ಅಧಿಕಾರಿ" ಅಂದೆ.

ಪ್ರತಿ ಓಲೆಯ ನೆತ್ತಿಯಲ್ಲಿ ಗುಮಾಸ್ತನ ಒಂದು ಸಾಲು:
ಇದರಲ್ಲಿ ಸೈನ್ಯ ಕೇಳಿದ್ದಾರೆ.
ಇದರಲ್ಲಿ ಬೇಗ ಬಾ ಅಂದಿದ್ದಾರೆ.
ಇದರಲ್ಲೂ ಅದೇ.
ಹೆಸರಿಲ್ಲದ ಆ ಗುಮಾಸ್ತನ ಮೇಲೆ ನನಗೆ ಪ್ರೀತಿ ಬಂತು.
ನಾವೂ ಹಾಗೇ, 'ವಿಷಯ' ಎಂದು ಬರೆದು
ಒಬ್ಬನ ಗೋಳನ್ನು ಒಂದು ಗೆರೆಗಿಳಿಸಿ
ಮೂಲೆಗೆ ತೂತು ಕೊರೆದು ದಾರ ಪೋಣಿಸುತ್ತಿದ್ದೆವು.

ಒಂದು ಓಲೆಯಲ್ಲಿ ಪೋಪರ ಮಾತಿಲ್ಲ.
ಕಾದು ಕಾದು ಸಾಕಾಗಿ
ಸಂತ ಪೇತ್ರನ ಬಾಯಲ್ಲೇ ಹೇಳಿಸಿದ್ದಾರೆ:
ಪೇತ್ರನಾದ ನಾನು ಕರೆಯುತ್ತಿದ್ದೇನೆ, ಬಾ.
ಸತ್ತು ಏಳುನೂರು ವರ್ಷವಾದವನ ಅರ್ಜಿ!
ನಕ್ಕುಬಿಟ್ಟೆ. ಫಾದರ್ ನಗಲಿಲ್ಲ.

ನಿನ್ನೆಯದು ಮರದ್ದು.
ದೇವಾಲಯದ ಮಾಡು ಕುಂಬಾಗಿದೆ, ತೊಲೆ ಬೇಕು,
ನಮ್ಮ ಸೀಮೆಯಲ್ಲಿ ಅಷ್ಟುದ್ದದ ಮರವಿಲ್ಲ.
ನಾನು ಬೆರಳು ತಡೆದು ಕೇಳಿದೆ:
"ಸುತ್ತಳತೆ ಎಷ್ಟು?"
"ಬರೆದಿಲ್ಲ."
"ಜಾತಿ? ಹೊನ್ನೆಯೋ, ಮತ್ತಿಯೋ, ನಂದಿಯೋ?"
"ಅವು ಅಲ್ಲಿ ಬೆಳೆಯೋದಿಲ್ಲ, ಬೂದ್ಯಪ್ಪನವರೇ."
"ದೊರೆ ಏನು ಉತ್ತರ ಬರೆದ?"
"ಉತ್ತರ ಒಂದೂ ಇಲ್ಲ ಇದರಲ್ಲಿ. ಉಳಿದಿರೋದು ಕೇಳಿದ್ದು ಮಾತ್ರ."

ಹಾಲುಗುಡ್ಡೆ ಶಾಲೆ. ಎರಡು ಕೋಣೆ. ತೀರ್ಥಪ್ಪ ಮೇಷ್ಟ್ರು.
ಮೊದಲ ಅರ್ಜಿ ಎಪ್ಪತ್ತೊಂಬತ್ತರ ಬೇಸಿಗೆ:
ಮಾಡಿನ ನಡುತೊಲೆ ಬಾಗಿದೆ,
ರಿಯಾಯಿತಿ ದರದಲ್ಲಿ ಎರಡು ಮತ್ತಿ ದಿಮ್ಮಿ ದಯಪಾಲಿಸಬೇಕು.
ಎರಡನೆಯದು: ಹಿಂದಿನ ಪತ್ರ ಕೈಸೇರಿದೆಯೆಂದು ನಂಬಿರುತ್ತೇನೆ.
ಮೂರನೆಯದರಲ್ಲಿ ಅಕ್ಷರ ದುಂಡಗೆ, ಬಿಡಿಬಿಡಿಯಾಗಿ,
ಕಿವಿ ಮಂದವಾದವರ ಹತ್ತಿರ ಮಾತಾಡುವ ಹಾಗೆ.
ನಾಲ್ಕನೆಯದು ಮಕ್ಕಳ ಹೆಸರಿನಲ್ಲಿ.
'ನಾವು ಹಲಸಿನ ಮರದ ಕೆಳಗೆ ಕೂತಿದ್ದೇವೆ ಸಾರ್.'
ಕೆಳಗೆ ಮೂವತ್ತಾರು ಸಹಿ,
ಇನ್ನೂ ಬರೆಯಲು ಬಾರದ ಯಾವುದೋ ಮಗುವಿನ
ನೀಲಿ ಹೆಬ್ಬೆಟ್ಟು.

ನಾಲ್ಕನ್ನೂ ಜೋಪಾನ ಮಾಡಿದೆ.
ಕ್ರಮಸಂಖ್ಯೆ ಕೊಟ್ಟೆ, ವಿಷಯ ಬರೆದೆ.
ಒಂದೂ ಹರಿಯಲಿಲ್ಲ, ಒಂದೂ ಕಳೆಯಲಿಲ್ಲ.
ಆ ವರ್ಷ ಅಂಗಳದ ಮತ್ತಿ ದಿಮ್ಮಿಗಳು ಬಿಸಿಲಿಗೆ ಸೀಳಿ
ಸೌದೆಯ ದರಕ್ಕೆ ಹರಾಜಾದವು.
ಅದನ್ನು ಬರೆದದ್ದೂ ಇದೇ ಕೈ.

"ಉತ್ತರಗಳು ಎಲ್ಲಿ ಹೋದವು ಫಾದರ್?"
"ಕಳೆದುಹೋದವು ಅಂತಾರೆ ಪಂಡಿತರು."
ಪಂಡಿತರು ಆಫೀಸಿನಲ್ಲಿ ಕೆಲಸ ಮಾಡಿದವರಲ್ಲ.

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.
ಫಾದರ್ ತಡಕಾಡಿ ಹಾಳೆ ತಿರುಗಿಸಿದರು.
"ಮುಂದಿನದು ಓದಿ."
"ಅದೂ ಮರದ್ದೇ?"
"ಅದೂ ಮರದ್ದೇ."
ಕನ್ನಡಕ ಒರೆಸಿಕೊಂಡು ಬೆರಳಿಟ್ಟೆ.
ಟಿ, ಅಂದೆ. ಆರ್, ಅಂದೆ. ಎ. ಬಿ.
ಮುಂದಿನ ಅಕ್ಷರ ಕಾಣುತ್ತಿತ್ತು.
ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು.